ಲಾಗಿನ್ ಎಲ್ಲಿ ನಿಂತಿತು ಎಂದು ಮೊದಲು ನೋಡಿ

ಮಾನ್ಯ ಸಂಪಾದಕರೇ,

ಗೂಗಲ್, ಫೇಸ್‌ಬುಕ್ ಇಲ್ಲವೇ ಆ್ಯಪಲ್ ಖಾತೆ ಬಳಸಿ ಬೇರೊಂದು ತಾಣಕ್ಕೆ ಲಾಗಿನ್ ಆಗಲು ಹೋದರೆ ಅರ್ಧದಲ್ಲೇ ನಿಲ್ಲುತ್ತದೆ, ಏನು ಮಾಡಲಿ ಎಂದು ಓದುಗರೊಬ್ಬರು ನಿಮ್ಮ ತಂತ್ರಜ್ಞಾನ ಪುಟಕ್ಕೆ ಬರೆದಿದ್ದರು. ‘ಕುಕೀ, ಕ್ಯಾಶ್ ಅಳಿಸಿ, ಆ್ಯಪ್ ತೆಗೆದು ಮತ್ತೆ ಹಾಕಿ’ ಎಂಬ ಒಂದು ಸಾಲಿನ ಉತ್ತರ ಅಚ್ಚಾಗಿತ್ತು. ಹೊಟ್ಟೆನೋವಿಗೂ ಮೊಣಕಾಲು ನೋವಿಗೂ ಒಂದೇ ಮಾತ್ರೆ ಬರೆದುಕೊಟ್ಟಂತಾಯಿತು. ಕುಕೀ, ಅಂದರೆ ತಾಣವು ಬ್ರೌಸರ್‌ನಲ್ಲಿ ಇಟ್ಟುಕೊಳ್ಳುವ ಪುಟ್ಟ ಗುರುತಿನ ಚೀಟಿ, ಅಳಿಸಿದರೆ ಒಮ್ಮೊಮ್ಮೆ ಸರಿಹೋಗುವುದುಂಟು, ಇಲ್ಲವೆನ್ನುವುದಿಲ್ಲ. ಆದರೆ ಅದರ ಜೊತೆಗೆ ಉಳಿದೆಲ್ಲ ತಾಣಗಳಿಂದಲೂ ಲಾಗೌಟ್ ಆಗುತ್ತದೆ, ಮೂಲ ದೋಷದ ಸುಳಿವೂ ಅಳಿಸಿಹೋಗುತ್ತದೆ. ಬಹುಪಾಲು ಸಂದರ್ಭಗಳಲ್ಲಿ ತಪ್ಪು ಇರುವುದು ಬಳಸುವವರ ಫೋನಿನಲ್ಲಲ್ಲ, ತಾಣ ಅಥವಾ ಆ್ಯಪ್ ಕಟ್ಟಿದವರ ಜೋಡಣೆಯಲ್ಲಿ. ಹಾಗಾಗಿ ಇಬ್ಬರಿಗೂ ಉಪಯೋಗವಾಗುವಂತೆ ಈ ಪತ್ರ. ಸ್ವಲ್ಪ ಉದ್ದವಾಯಿತು, ಕ್ಷಮೆಯಿರಲಿ.

ಬಟನ್ ಒತ್ತಿದ ಮೇಲೆ ನಡೆಯುವುದು ಒಂದು ಓಡಾಟ. ತಾಣವು ಬಂದವರನ್ನು ಗೂಗಲ್‌ನಂಥ ಸೇವೆಯ ಬಾಗಿಲಿಗೆ ಕಳಿಸುತ್ತದೆ. ಕಳಿಸುವಾಗ ತನ್ನ ಕ್ಲೈಂಟ್ ಐಡಿ (ಸೇವೆಯವರು ಆ ತಾಣಕ್ಕೆ ಕೊಟ್ಟ ಗುರುತು), ವಾಪಸು ಬರಬೇಕಾದ ವಿಳಾಸ, ಮತ್ತು ‘ಸ್ಟೇಟ್’ ಎಂಬ ಯಾರೂ ಊಹಿಸಲಾಗದ ಒಂದು ಗುರುತನ್ನು ಕೈಗಿಡುತ್ತದೆ. ಸೇವೆಯವರು ಪಾಸ್‌ವರ್ಡ್ ಕೇಳಿ, ಒಪ್ಪಿಗೆ ಪಡೆದು, ಒಂದೇ ಬಾರಿ ಬಳಸಬಹುದಾದ ಕೋಡ್ ಕೊಟ್ಟು ಹಿಂದಕ್ಕೆ ಕಳಿಸುತ್ತಾರೆ. ತಾಣದ ಸರ್ವರ್ ಆ ಕೋಡನ್ನು ಸೇವೆಯ ಸರ್ವರ್‌ಗೆ ನೇರವಾಗಿ ತೋರಿಸಿ ಟೋಕನ್, ಅಂದರೆ ಪ್ರವೇಶಪತ್ರದಂಥ ಸಂಕೇತ, ಪಡೆಯುತ್ತದೆ. 2012ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಓಆತ್ 2.0 ನಿಯಮಾವಳಿ, ಅಂದರೆ ಆರ್‌ಎಫ್‌ಸಿ 6749, ಹಾಕಿಕೊಟ್ಟ ದಾರಿ ಇದು. ಬಂದವರು ಯಾರು ಎಂದು ಹೇಳುವ ಐಡಿ ಟೋಕನ್ನು 2014ರ ಓಪನ್‌ಐಡಿ ಕನೆಕ್ಟ್ ಜೊತೆ ಬಂತು.

ಈ ಓಡಾಟ ಮುರಿಯುವುದಕ್ಕೆ ನಾಲ್ಕೇ ಜಾಗ. ಬಟನ್ ಒತ್ತಿದರೂ ಸೇವೆಯ ಪುಟ ತೆರೆಯದಿರುವುದು. ತೆರೆದು ಅಲ್ಲಿಯೇ ದೋಷ ತೋರಿಸುವುದು. ಪಾಸ್‌ವರ್ಡ್ ಎಲ್ಲ ಮುಗಿದು ವಾಪಸು ಬಂದ ಮೇಲೆ ಮತ್ತೆ ಲಾಗಿನ್ ಪುಟವೇ ಎದುರಾಗುವುದು. ಲಾಗಿನ್ ಆದರೂ ಒಳಗೆ ಹಳೆಯ ಖಾತೆಯ ಬದಲು ಖಾಲಿ ಹೊಸ ಖಾತೆ ಇರುವುದು. ಯಾವ ಜಾಗ ಎಂದು ತಿಳಿಯಲು ವಿಳಾಸ ಪಟ್ಟಿ ನೋಡಿದರೆ ಸಾಕು: ನಿಂತಾಗ ಅಲ್ಲಿರುವುದು ತಾಣದ ಹೆಸರೋ, ಸೇವೆಯ ಹೆಸರೋ? ಅಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲ ಜಾಗದ್ದು ಸುಲಭ. ಬಟನ್ನೇ ಕಾಣದಿದ್ದರೆ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಮೇಲೆ ಅನುಮಾನ ಪಡಬೇಕು. ಫೇಸ್‌ಬುಕ್‌ನ ಲಾಗಿನ್ ಸ್ಕ್ರಿಪ್ಟು ಬರುವ ವಿಳಾಸ ಟ್ರ್ಯಾಕರ್ ಪಟ್ಟಿಗಳಲ್ಲೂ ಇರುತ್ತದೆ. ಆ ತಾಣಕ್ಕೆ ಮಾತ್ರ ತಡೆ ತೆಗೆದು ನೋಡಿ. ಬಟನ್ ಕಂಡು, ಒತ್ತಿದರೂ ಏನೂ ಆಗದಿದ್ದರೆ ಪಾಪ್‌ಅಪ್ ತಡೆಯಲ್ಪಟ್ಟಿದೆ. ಇದು ಬಹುಮಟ್ಟಿಗೆ ಕೋಡ್ ಬರೆದವರ ತಪ್ಪು: ಬೆರಳು ಒತ್ತಿದ ಕ್ಷಣದಲ್ಲೇ ಕಿಟಕಿ ತೆರೆದರೆ ಬ್ರೌಸರ್ ಒಪ್ಪುತ್ತದೆ, ಮೊದಲು ಸರ್ವರ್‌ಗೆ ಹೋಗಿ ಏನೋ ಕೇಳಿಕೊಂಡು ಬಂದು ಆಮೇಲೆ ತೆರೆದರೆ ‘ಇದು ಬಳಕೆದಾರರು ಕೇಳಿದ ಕಿಟಕಿ ಅಲ್ಲ’ ಎಂದು ತಡೆಯುತ್ತದೆ. ಸಫಾರಿ ಇದರಲ್ಲಿ ಕ್ರೋಮ್‌ಗಿಂತ ಬಿಗಿ. ಹಾಗಾಗಿಯೇ ಕಂಪ್ಯೂಟರ್‌ನಲ್ಲಿ ಓಡುವುದು ಐಫೋನ್‌ನಲ್ಲಿ ಓಡುವುದಿಲ್ಲ. ಒತ್ತಿದೊಡನೆ ಖಾಲಿ ಕಿಟಕಿ ತೆರೆದು, ವಿಳಾಸ ಸಿಕ್ಕ ಮೇಲೆ ಅದಕ್ಕೆ ತುಂಬಬೇಕು. ಅಥವಾ ಬೇಕಾದ ಮಾಹಿತಿಯನ್ನು ಪುಟ ತೆರೆಯುವಾಗಲೇ ತರಿಸಿಟ್ಟುಕೊಳ್ಳಬೇಕು. ಪಾಪ್‌ಅಪ್ ತೆರೆದು, ಲಾಗಿನ್ ಮುಗಿದು, ಕಿಟಕಿ ಬೆಳ್ಳಗೆ ನಿಂತುಬಿಟ್ಟರೆ ಕಾರಣವೇ ಬೇರೆ: ತಾಣದವರು ಭದ್ರತೆಗೆಂದು ಕ್ರಾಸ್ ಒರಿಜಿನ್ ಓಪನರ್ ಪಾಲಿಸಿ ಹೆಡರ್‌ನಲ್ಲಿ (ಪುಟದ ಜೊತೆ ಸರ್ವರ್ ಕಳಿಸುವ ಸೂಚನೆಯಲ್ಲಿ) ‘ಸೇಮ್ ಒರಿಜಿನ್’ ಎಂದು ಹಾಕಿರುತ್ತಾರೆ, ತೆರೆದ ಪುಟಕ್ಕೂ ಪಾಪ್‌ಅಪ್‌ಗೂ ಮಾತುಕತೆಯೇ ಕಡಿದುಹೋಗಿರುತ್ತದೆ. ಪಾಪ್‌ಅಪ್‌ಗೆ ಅವಕಾಶ ಕೊಡುವ ‘ಸೇಮ್ ಒರಿಜಿನ್ ಅಲೌ ಪಾಪ್‌ಅಪ್ಸ್’ ಮೌಲ್ಯವನ್ನು ಆ ಒಂದು ಪುಟಕ್ಕೆ ಕೊಟ್ಟರೆ ಸಾಕು.

ಇಲ್ಲಿ ಒಂದು ಅಡ್ಡಮಾತು. ತಾನಾಗಿ ಮೂಡುವ ಗೂಗಲ್‌ನ ‘ಒನ್ ಟ್ಯಾಪ್’ ಲಾಗಿನ್ ಕಿಟಕಿಯನ್ನು ಪರೀಕ್ಷೆ ಮಾಡುವವರು ಎರಡು ಸಲ ಮುಚ್ಚಿ, ಮೂರನೇ ಸಲ ಬರಲಿಲ್ಲ, ಕೆಟ್ಟಿದೆ ಎನ್ನುತ್ತಾರೆ. ಕೆಟ್ಟಿಲ್ಲ. ಮುಚ್ಚಿದವರಿಗೆ ಮತ್ತೆ ಮತ್ತೆ ತೋರಿಸಬಾರದೆಂದು ಮೊದಲ ಸಲ 2 ಗಂಟೆ, ಆಮೇಲೆ 1 ದಿನ, 1 ವಾರ, 4 ವಾರ ಹೀಗೆ ಅದು ತಾನಾಗಿ ಹಿಂದೆ ಸರಿಯುತ್ತದೆ. ಬೇರೆ ಪ್ರೊಫೈಲ್‌ನಲ್ಲಿ ತೆರೆದು ನೋಡಿ, ಬರುತ್ತದೆ. ಹಾಗೆಯೇ ಗೂಗಲ್‌ನ ಹಳೆಯ ಜಾವಾಸ್ಕ್ರಿಪ್ಟ್ ಸೈನ್ ಇನ್ ಲೈಬ್ರರಿಗೆ 2023ರ ಮಾರ್ಚ್ 31ರಿಂದಾಚೆಗೆ ಬೆಂಬಲವಿಲ್ಲ. ಅದನ್ನೇ ನೆಚ್ಚಿಕೊಂಡ ತಾಣ ಇವತ್ತಿಗೂ ಇದ್ದರೆ ಗೂಗಲ್ ಐಡೆಂಟಿಟಿ ಸರ್ವಿಸಸ್‌ಗೆ ಹೋಗದೆ ಬೇರೆ ದಾರಿಯಿಲ್ಲ.

ಎರಡನೇ ಜಾಗ, ಅಂದರೆ ಸೇವೆಯ ಪುಟದಲ್ಲೇ ದೋಷ. ಇಲ್ಲಿ ಅತಿ ಹೆಚ್ಚು ಕಾಣುವುದು ‘400, ರೀಡೈರೆಕ್ಟ್ ಯುಆರ್‌ಐ ಮಿಸ್‌ಮ್ಯಾಚ್’. ತಾಣ ಕೊಟ್ಟ ವಾಪಸಾತಿ ವಿಳಾಸವೂ ಸೇವೆಯ ಕನ್ಸೋಲ್‌ನಲ್ಲಿ (ತಾಣ ಕಟ್ಟುವವರ ಸೆಟ್ಟಿಂಗ್ ಪುಟದಲ್ಲಿ) ನೋಂದಾಯಿಸಿದ ವಿಳಾಸವೂ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಮುಂದೆ ಮೂರು ಡಬ್ಲ್ಯು ಇದ್ದರೆ ಒಂದು ವಿಳಾಸ, ಇಲ್ಲದಿದ್ದರೆ ಇನ್ನೊಂದು. ಕೊನೆಯ ಓರೆಗೆರೆ ಇದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದು. ಪೋರ್ಟ್ ಸಂಖ್ಯೆ 3000 ಬೇರೆ, 3001 ಬೇರೆ. ಕಣ್ಣಲ್ಲಿ ಹೋಲಿಸಬೇಡಿ; ದೋಷದ ಪುಟದ ವಿಳಾಸ ಪಟ್ಟಿಯಿಂದ ರೀಡೈರೆಕ್ಟ್ ಯುಆರ್‌ಐ ಭಾಗವನ್ನು ನಕಲು ಮಾಡಿ, ಶೇಕಡಾ ಚಿಹ್ನೆಯ ಸಂಕೇತಗಳನ್ನು ಬಿಡಿಸಿ, ಕನ್ಸೋಲ್‌ನ ವಿಳಾಸದ ಕೆಳಗೆ ಅಂಟಿಸಿ ನೋಡಿ. ತಿದ್ದಿದ ಮೇಲೂ ಐದು ನಿಮಿಷದಿಂದ ಕೆಲವು ಗಂಟೆಗಳವರೆಗೆ ಗೂಗಲ್‌ನಲ್ಲಿ ಹಳೆಯದೇ ಉಳಿದಿರಬಹುದು. ಆ ಅವಧಿಯಲ್ಲಿ ತಾಳ್ಮೆಗೆಟ್ಟು ಇನ್ನೂ ನಾಲ್ಕು ಬದಲಾವಣೆ ಮಾಡಿದರೆ ಯಾವುದರಿಂದ ಸರಿಹೋಯಿತೆಂಬುದೇ ತಿಳಿಯುವುದಿಲ್ಲ.

ಇದರಲ್ಲೇ ಒಂದು ಗುಪ್ತ ಬಗೆಯಿದೆ. ಎಲ್ಲ ಕಡೆ ಎಚ್‌ಟಿಟಿಪಿಎಸ್ ಎಂದೇ ಬರೆದಿದೆ, ಆದರೂ ದೋಷದ ಪುಟದಲ್ಲಿ ಎಸ್ ಇಲ್ಲದ ಎಚ್‌ಟಿಟಿಪಿ ಕಾಣುತ್ತದೆ. ಸರ್ವರ್‌ನ ಮುಂದೆ ಲೋಡ್ ಬ್ಯಾಲೆನ್ಸರ್ ಅಥವಾ ರಿವರ್ಸ್ ಪ್ರಾಕ್ಸಿ (ಬಂದ ಕೋರಿಕೆಗಳನ್ನು ಒಳಗೆ ದಾಟಿಸುವ ನಡುವಿನ ಸರ್ವರ್) ಕೂತು ಗೂಢಲಿಪಿಯನ್ನು ಅಲ್ಲೇ ಬಿಚ್ಚಿ, ಒಳಗಿನ ಆ್ಯಪ್ಲಿಕೇಶನ್‌ಗೆ ಬರಿಯ ಎಚ್‌ಟಿಟಿಪಿಯಲ್ಲಿ ಕೊಡುತ್ತಿರುತ್ತದೆ. ಒಳಗಿನದು ತನಗೆ ಕಂಡದ್ದನ್ನೇ ನಂಬಿ ವಾಪಸಾತಿ ವಿಳಾಸ ಕಟ್ಟುತ್ತದೆ. ಪ್ರಾಕ್ಸಿಯು ‘ಎಕ್ಸ್ ಫಾರ್ವರ್ಡೆಡ್ ಪ್ರೋಟೋ’ ಹೆಡರ್ ಕಳಿಸಬೇಕು, ಆ್ಯಪ್ಲಿಕೇಶನ್ ಆ ಪ್ರಾಕ್ಸಿಯಿಂದ ಬಂದರೆ ಮಾತ್ರ ಅದನ್ನು ನಂಬಬೇಕು. ಇನ್ನೂ ನಿಶ್ಚಿಂತೆಯ ದಾರಿಯೆಂದರೆ ಪೂರ್ತಿ ವಿಳಾಸವನ್ನು ಸೆಟ್ಟಿಂಗ್‌ನಲ್ಲೇ ಬರೆದಿಡುವುದು, ಊಹಿಸಲು ಬಿಡದಿರುವುದು.

‘ನಮಗೆಲ್ಲ ಆಗುತ್ತದೆ, ಜನಕ್ಕೆ ಮಾತ್ರ ಆಗುತ್ತಿಲ್ಲ’ ಎನ್ನುವ ದೂರಿಗೆ ಕನ್ಸೋಲ್‌ನ ಸ್ಥಿತಿಯನ್ನು ನೋಡಿ. ಫೇಸ್‌ಬುಕ್‌ನಲ್ಲಿ ಆ್ಯಪ್ ಇನ್ನೂ ಡೆವಲಪ್‌ಮೆಂಟ್ ಮೋಡ್‌ನಲ್ಲಿದ್ದರೆ ಅದರಲ್ಲಿ ಪಾತ್ರ ಕೊಟ್ಟವರಿಗಷ್ಟೇ ಪ್ರವೇಶ. ಗೂಗಲ್‌ನಲ್ಲಿ ‘ಟೆಸ್ಟಿಂಗ್’ ಸ್ಥಿತಿಯಲ್ಲಿ ಪಟ್ಟಿ ಮಾಡಿದ 100 ಜನರಿಗೆ ಮಾತ್ರ. ಅದಲ್ಲದೆ ಹೆಸರು, ಇಮೇಲ್‌ನಂಥ ಮೂಲ ಮಾಹಿತಿಗಿಂತ ಹೆಚ್ಚು ಅನುಮತಿ ಕೇಳಿದ್ದರೆ ರಿಫ್ರೆಶ್ ಟೋಕನ್ (ಮತ್ತೆ ಲಾಗಿನ್ ಕೇಳದೆ ಹೊಸ ಟೋಕನ್ ಪಡೆಯಲು ಬಳಸುವುದು) 7 ದಿನಕ್ಕೆ ಸಾಯುತ್ತದೆ. ವಾರಕ್ಕೊಮ್ಮೆ ಸರಿಯಾಗಿ ಎಲ್ಲರೂ ಹೊರಬೀಳುತ್ತಿದ್ದಾರೆ ಎಂದರೆ ಹುಡುಕಬೇಕಾದ್ದು ಇದನ್ನೇ.

ಈ ಜಾಗದ ಇನ್ನೊಂದು ದೊಡ್ಡ ದೋಷ ‘403, ಡಿಸ್‌ಅಲೌಡ್ ಯೂಸರ್‌ಏಜೆಂಟ್’. ಇನ್‌ಸ್ಟಾಗ್ರಾಂನಲ್ಲೋ ಫೇಸ್‌ಬುಕ್‌ನಲ್ಲೋ ಬಂದ ಕೊಂಡಿ ಒತ್ತಿದರೆ ತೆರೆಯುವುದು ನಿಜವಾದ ಬ್ರೌಸರ್ ಅಲ್ಲ, ಆ ಆ್ಯಪ್‌ನ ಹೊಟ್ಟೆಯೊಳಗಿನ ವೆಬ್‌ವ್ಯೂ. ಅದರೊಳಗೆ ಒತ್ತಿದ ಪ್ರತಿ ಅಕ್ಷರವನ್ನೂ ಆ ಆ್ಯಪ್ ಓದಬಹುದು. ಪಾಸ್‌ವರ್ಡ್ ಹಾಕುವುದಕ್ಕೆ ಇಂಥ ಜಾಗ ತಕ್ಕದ್ದಲ್ಲವೆಂದು ಗೂಗಲ್ 2017ರ ಏಪ್ರಿಲ್‌ನಿಂದ ವೆಬ್‌ವ್ಯೂ ಒಳಗೆ ಲಾಗಿನ್ ನಿಲ್ಲಿಸಿತು. ಆಂಡ್ರಾಯ್ಡ್‌ನಲ್ಲಿ ಫೇಸ್‌ಬುಕ್ 2021ರ ಅಕ್ಟೋಬರ್‌ನಿಂದ ನಿಲ್ಲಿಸಿತು. ಬಳಕೆದಾರರು ಮೂರು ಚುಕ್ಕಿ ಒತ್ತಿ ‘ಬ್ರೌಸರ್‌ನಲ್ಲಿ ತೆರೆ’ ಎಂಬುದನ್ನು ಆರಿಸಿದರೆ ಕೆಲಸ ಮುಗಿಯಿತು. ತಾಣದವರು ವೆಬ್‌ವ್ಯೂ ಎಂದು ಪತ್ತೆ ಮಾಡಿ ಅದೇ ಮಾತನ್ನು ಲಾಗಿನ್ ಬಟನ್ ಪಕ್ಕದಲ್ಲಿ ಹೇಳಬೇಕು; ಆಂಡ್ರಾಯ್ಡ್ ವೆಬ್‌ವ್ಯೂ ತನ್ನ ಯೂಸರ್ ಏಜೆಂಟ್‌ನಲ್ಲಿ (ಬ್ರೌಸರ್ ತನ್ನನ್ನು ಪರಿಚಯಿಸಿಕೊಳ್ಳುವ ಸಾಲಿನಲ್ಲಿ) ‘ಡಬ್ಲ್ಯುವಿ’ ಎಂಬ ಎರಡಕ್ಷರ ಬಿಟ್ಟುಕೊಡುತ್ತದೆ. ಸ್ವಂತ ಆ್ಯಪ್ ಇರುವವರು ವೆಬ್‌ವ್ಯೂ ಕೈಬಿಟ್ಟು ಆಂಡ್ರಾಯ್ಡ್‌ನಲ್ಲಿ ಕಸ್ಟಮ್ ಟ್ಯಾಬ್ಸ್, ಐಫೋನ್‌ನಲ್ಲಿ ಎಎಸ್‌ವೆಬ್ ಅಥೆಂಟಿಕೇಶನ್ ಸೆಶನ್ ಬಳಸಬೇಕು. ಆ್ಯಪ್‌ಗಳ ಲಾಗಿನ್ ಬಗ್ಗೆಯೇ ಇರುವ 2017ರ ಆರ್‌ಎಫ್‌ಸಿ 8252 ಹೇಳುವುದೂ ಇದನ್ನೇ. ಯೂಸರ್ ಏಜೆಂಟ್ ಸುಳ್ಳು ಬರೆದು ನುಸುಳುವ ಉಪಾಯವನ್ನು ಹಲವರು ಹೇಳಿಕೊಡುತ್ತಾರೆ. ನಿಯಮ ಮುರಿದಂತಾಗುವುದು ಒತ್ತಟ್ಟಿಗಿರಲಿ, ಅದು ಯಾವ ದಿನ ಕೈಕೊಡುತ್ತದೋ ಯಾರಿಗೂ ತಿಳಿಯದು.

ಮೂರನೇ ಜಾಗಕ್ಕೆ ಬರೋಣ. ತಲೆನೋವು ಹೆಚ್ಚಿರುವುದು ಇಲ್ಲೇ. ಎಲ್ಲ ಮುಗಿದು ವಾಪಸು ಬಂದರೆ ‘ಸ್ಟೇಟ್ ಹೊಂದುತ್ತಿಲ್ಲ’ ಎಂಬ ದೋಷ, ಇಲ್ಲವೇ ಮಾತಿಲ್ಲದೆ ಮತ್ತೆ ಲಾಗಿನ್ ಪುಟ. ಹೋಗುವಾಗ ಕುಕೀಯಲ್ಲಿ ಇಟ್ಟ ಗುರುತು ಬರುವಾಗ ಸಿಗಲಿಲ್ಲ ಎಂದು ಇದರ ಅರ್ಥ. ಸಿಗದಿರಲು ಹಲವು ಕಾರಣ. ಮೂರು ಡಬ್ಲ್ಯು ಇರುವ ವಿಳಾಸದಿಂದ ಹೊರಟು ಇಲ್ಲದ ವಿಳಾಸಕ್ಕೆ ಬಂದಿಳಿದರೆ ಕುಕೀ ಹಿಂದೆಯೇ ಉಳಿಯುತ್ತದೆ. ಎರಡು ಟ್ಯಾಬ್‌ನಲ್ಲಿ ಲಾಗಿನ್ ಒತ್ತಿದರೆ ಎರಡನೆಯ ಸ್ಟೇಟ್ ಮೊದಲನೆಯದರ ಮೇಲೆ ಬರೆದುಬಿಡುತ್ತದೆ. ಪ್ರತಿ ಪ್ರಯತ್ನಕ್ಕೂ ಬೇರೆ ಹೆಸರಿನ ಕುಕೀ ಇಟ್ಟರೆ ಈ ತೊಂದರೆಯಿಲ್ಲ. ಸರ್ವರ್ ಎರಡಿದ್ದು, ಸೆಶನ್ (ಬಂದವರ ಲೆಕ್ಕವಿಡುವ ದಾಖಲೆ) ಒಂದರ ನೆನಪಿನಲ್ಲಷ್ಟೇ ಇದ್ದರೆ, ಹತ್ತರಲ್ಲಿ ಐದು ಸಲ ಆಗುತ್ತದೆ, ಐದು ಸಲ ಇಲ್ಲ.

ಇವಕ್ಕಿಂತ ಸೂಕ್ಷ್ಮವಾದದ್ದು ಕುಕೀಯ ‘ಸೇಮ್‌ಸೈಟ್’ ಗುಣ. ಅದನ್ನು ‘ಸ್ಟ್ರಿಕ್ಟ್’ ಮಾಡಿದರೆ ಬೇರೆ ತಾಣದಿಂದ ಬಂದ ಯಾವ ಹೆಜ್ಜೆಗೂ ಕುಕೀ ಹೋಗುವುದಿಲ್ಲ. ಗೂಗಲ್‌ನಿಂದ ವಾಪಸು ಬಂದದ್ದೂ ಬೇರೆ ತಾಣದಿಂದ ಬಂದದ್ದೇ ತಾನೆ? ವಾಪಸು ಬಂದ ಹೆಜ್ಜೆಯಲ್ಲೇ ಸ್ಟೇಟ್ ಕಾಣದೆ ಲಾಗಿನ್ ಬೀಳುತ್ತದೆ. ಸ್ಟೇಟ್ ಕುಕೀಗೆ ಬೇರೆ ಗುಣ ಕೊಟ್ಟು ಸೆಶನ್ ಕುಕೀಯನ್ನು ಮಾತ್ರ ಸ್ಟ್ರಿಕ್ಟ್ ಮಾಡಿದ್ದರೆ ಅದರ ಲಕ್ಷಣ ಬೇರೆ: ಲಾಗಿನ್ ಆಗಿಲ್ಲವೆಂಬಂತೆ ಪುಟ ಕಾಣುತ್ತದೆ, ರಿಫ್ರೆಶ್ ಒತ್ತಿದರೆ ಲಾಗಿನ್ ಆಗಿರುತ್ತದೆ. ಇದನ್ನು ಕಂಡವರು ಕ್ಯಾಶ್ ದೋಷವೆಂದು ಬೇರೆಲ್ಲೋ ಹುಡುಕುತ್ತಾರೆ. ‘ಲ್ಯಾಕ್ಸ್’ ಮಾಡಿದರೆ ಗೂಗಲ್‌ನ ವಾಪಸಾತಿಗೆ ಸಾಕು, ಏಕೆಂದರೆ ಅದು ಸಾದಾ ಗೆಟ್ ಕೋರಿಕೆ, ಅಂದರೆ ಕೊಂಡಿ ಒತ್ತಿದಂತೆ ವಿಳಾಸ ತೆರೆಯುವುದು.

ಆದರೆ ಆ್ಯಪಲ್‌ಗೆ ಸಾಲದು. ಹೆಸರು ಅಥವಾ ಇಮೇಲ್ ಬೇಕೆಂದು ಕೇಳಿದರೆ ಆ್ಯಪಲ್ ಉತ್ತರವನ್ನು ವಿಳಾಸದಲ್ಲಿ ಹಾಕದೆ ಫಾರ್ಮ್ ಪೋಸ್ಟ್ ಆಗಿ ಕಳಿಸುತ್ತದೆ. ಬೇರೆ ತಾಣದಿಂದ ಬರುವ ಪೋಸ್ಟ್‌ಗೆ ಲ್ಯಾಕ್ಸ್ ಕುಕೀ ಹೋಗದು. ಗುಣವನ್ನೇ ಬರೆಯದೆ ಬಿಟ್ಟ ಕುಕೀಗಳನ್ನು ಕ್ರೋಮ್ 2020ರ ಫೆಬ್ರುವರಿಯ 80ನೇ ಆವೃತ್ತಿಯಿಂದ ಲ್ಯಾಕ್ಸ್ ಎಂದೇ ಎಣಿಸತೊಡಗಿತು. ಒಂದು ಸಣ್ಣ ರಿಯಾಯಿತಿ ಮಾತ್ರ ಇಟ್ಟಿತು: ಕುಕೀ ಹುಟ್ಟಿ 2 ನಿಮಿಷ ಮೀರಿರದಿದ್ದರೆ ಇಂಥ ಪೋಸ್ಟ್‌ಗೂ ಅದು ಹೋಗಬಹುದು. ಪರಿಣಾಮ ನೋಡಿ. ಪರೀಕ್ಷಿಸುವವರು ಪಾಸ್‌ವರ್ಡ್ ನೆನಪಿಟ್ಟುಕೊಂಡು ಮೂವತ್ತು ಸೆಕೆಂಡಿನಲ್ಲಿ ಮುಗಿಸುತ್ತಾರೆ, ಅವರಿಗೆ ಲಾಗಿನ್ ಆಗುತ್ತದೆ. ಪಾಸ್‌ವರ್ಡ್ ಹುಡುಕಿ, ಇನ್ನೊಂದು ಸಾಧನದಲ್ಲಿ ಬಂದ ಆರಂಕಿಯ ಸಂಖ್ಯೆ ನೋಡಿ ಹಾಕಿ, ಮೂರನೇ ನಿಮಿಷದಲ್ಲಿ ಒಪ್ಪಿಗೆ ಒತ್ತಿದವರಿಗೆ ಆಗುವುದಿಲ್ಲ. ದೂರು ಬಂದಾಗ ‘ನಮ್ಮಲ್ಲಿ ಸರಿಯಾಗಿಯೇ ಇದೆ’ ಎಂಬ ಉತ್ತರ ಹೋಗುತ್ತದೆ. ಪರೀಕ್ಷಿಸಬೇಕಿದ್ದರೆ ಆ್ಯಪಲ್ ಪುಟದಲ್ಲಿ ಮೂರು ನಿಮಿಷ ಸುಮ್ಮನೆ ಕೂತು ಆಮೇಲೆ ಮುಂದುವರಿಸಿ. ಪರಿಹಾರ: ಸ್ಟೇಟ್‌ಗೆಂದೇ 10 ನಿಮಿಷ ಬಾಳುವ ಪ್ರತ್ಯೇಕ ಕುಕೀ, ಅದಕ್ಕೆ ಸೇಮ್‌ಸೈಟ್ ‘ನನ್’ (ಯಾವ ತಡೆಯೂ ಇಲ್ಲ ಎಂದರ್ಥ), ಜೊತೆಗೆ ತಪ್ಪದೆ ‘ಸೆಕ್ಯೂರ್’ ಮತ್ತು ‘ಎಚ್‌ಟಿಟಿಪಿ ಓನ್ಲಿ’. ಲಾಗಿನ್ ಆದ ಮೇಲಿನ ಮುಖ್ಯ ಸೆಶನ್ ಕುಕೀ ಲ್ಯಾಕ್ಸ್ ಆಗಿಯೇ ಇರಲಿ. ಒಂದು ಲಾಗಿನ್‌ಗಾಗಿ ಎಲ್ಲ ಕುಕೀಗಳನ್ನೂ ‘ನನ್’ ಮಾಡಿಬಿಡುವುದು ಇಲಿ ಹಿಡಿಯಲು ಮನೆಗೆ ಬೆಂಕಿ ಇಟ್ಟಂತೆ.

ಬ್ರೌಸರ್‌ಗಳ ನಡುವಿನ ವ್ಯತ್ಯಾಸಕ್ಕೆ ಇನ್ನೊಂದು ಬೇರು ಮೂರನೆಯವರ ಕುಕೀ, ಅಂದರೆ ತೆರೆದಿರುವ ತಾಣದ್ದಲ್ಲದ, ಅದರೊಳಗೆ ಕೂತ ಬೇರೆ ತಾಣದ ಕುಕೀ. ಸಫಾರಿ 2020ರ ಮಾರ್ಚ್‌ನ 13.1ನೇ ಆವೃತ್ತಿಯಿಂದ ಅದನ್ನು ಪೂರ್ತಿ ತಡೆದಿದೆ. ಫೈರ್‌ಫಾಕ್ಸ್ 2022ರ ಜೂನ್‌ನಿಂದ ಪ್ರತಿ ತಾಣಕ್ಕೂ ಬೇರೆ ಬೇರೆ ಕುಕೀ ಡಬ್ಬಿ ಇಡುವುದನ್ನು ಎಲ್ಲರಿಗೂ ಜಾರಿ ಮಾಡಿತು. ಕ್ರೋಮ್ ತಾನೂ ನಿಲ್ಲಿಸುವುದಾಗಿ 2020ರಲ್ಲಿ ಹೇಳಿ 2024ರ ಜುಲೈನಲ್ಲಿ ಆ ಯೋಜನೆ ಕೈಬಿಟ್ಟಿತು. ಆದರೆ ಅದರ ಇನ್‌ಕಾಗ್ನಿಟೋ ಕಿಟಕಿಯಲ್ಲಿ ಈಗಲೂ ತಡೆಯಿದೆ. ಕಾಣದ ಐಫ್ರೇಮ್ (ಪುಟದೊಳಗಿನ ಪುಟ) ಇಟ್ಟು ಹಿನ್ನೆಲೆಯಲ್ಲಿ ಲಾಗಿನ್ ಉಳಿದಿದೆಯೇ ಎಂದು ಕೇಳುವ ಜೋಡಣೆಗಳು ಕ್ರೋಮ್‌ನಲ್ಲಿ ಓಡಿ ಸಫಾರಿಯಲ್ಲಿ ಮುಗ್ಗರಿಸುವುದು ಇದಕ್ಕೇ. ಗೂಗಲ್‌ನ ಫೈರ್‌ಬೇಸ್ ಎಂಬ ಸಿದ್ಧ ವ್ಯವಸ್ಥೆಯಿಂದ ಲಾಗಿನ್ ಮಾಡಿಸುವವರಿಗೆ ಒಂದು ಸೂಚನೆ: ರೀಡೈರೆಕ್ಟ್ ಮೂಲಕ ಲಾಗಿನ್ ಮಾಡಿಸುವ ವಿಧಾನ ಸಫಾರಿ 16.1, ಫೈರ್‌ಫಾಕ್ಸ್ 109, ಕ್ರೋಮ್ 115 ಮತ್ತು ಅವುಗಳ ಮುಂದಿನ ಆವೃತ್ತಿಗಳಲ್ಲಿ ಸುಮ್ಮನೆ ಸೋಲಬಹುದು. ಆಥ್ ಡೊಮೇನ್ ಎಂಬಲ್ಲಿ ಫೈರ್‌ಬೇಸ್ ಕೊಟ್ಟ ವಿಳಾಸದ ಬದಲು ತಾಣದ ಸ್ವಂತ ಡೊಮೇನ್ ಇಟ್ಟು, ಅದನ್ನು ಕನ್ಸೋಲ್‌ನ ವಾಪಸಾತಿ ಪಟ್ಟಿಗೂ ಸೇರಿಸಬೇಕು. ಅದಾಗದಿದ್ದರೆ ಪಾಪ್‌ಅಪ್ ವಿಧಾನಕ್ಕೆ ಬದಲಿಸಬೇಕು.

ಇನ್ನು ಕೋಡ್ ಕೊಟ್ಟು ಟೋಕನ್ ಪಡೆಯುವ ಹೆಜ್ಜೆ. ‘ಇನ್‌ವ್ಯಾಲಿಡ್ ಗ್ರಾಂಟ್’ ಎಂಬ ಒಂದೇ ಹೆಸರಿನಡಿ ನಾಲ್ಕಾರು ದೋಷಗಳು ಅಡಗಿರುತ್ತವೆ. ಕೋಡ್‌ನ ಆಯಸ್ಸು ಹೆಚ್ಚೆಂದರೆ 10 ನಿಮಿಷ ಇರಲಿ ಎನ್ನುತ್ತದೆ ನಿಯಮಾವಳಿ. ಬಳಕೆ ಒಂದೇ ಸಲ. ಪುಟ ಕಟ್ಟಲು ಬಳಸುವ ರಿಯಾಕ್ಟ್ ಲೈಬ್ರರಿಯ ಸ್ಟ್ರಿಕ್ಟ್ ಮೋಡ್ ಬೆಳವಣಿಗೆಯ ಹಂತದಲ್ಲಿ ಎಫೆಕ್ಟ್‌ಗಳನ್ನು ಬೇಕೆಂದೇ ಎರಡು ಬಾರಿ ಓಡಿಸುತ್ತದೆ, ಎರಡನೆಯ ಸಲ ಕೋಡ್ ಸತ್ತಿರುತ್ತದೆ. ಜಾಲ ನಿಧಾನವೆಂದು ತಾನಾಗಿ ಮರುಪ್ರಯತ್ನಿಸುವ ಲೈಬ್ರರಿಯೂ ಇದನ್ನೇ ಮಾಡುತ್ತದೆ. ಟೋಕನ್ ಕೇಳುವಾಗಲೂ ಮೊದಲು ಕೊಟ್ಟ ವಾಪಸಾತಿ ವಿಳಾಸವನ್ನೇ ಕೊಡಬೇಕು. ಕೋಡ್ ಕದ್ದವರಿಗೆ ಟೋಕನ್ ಸಿಗದಂತೆ ತಡೆಯುವ ಪಿಕೆಸಿಇ ಬಳಸುವಾಗ ಗುಟ್ಟಿನ ಪದ 43ರಿಂದ 128 ಅಕ್ಷರಗಳೊಳಗಿರಬೇಕು. ಅದರ ಹ್ಯಾಶನ್ನು (ಅದರಿಂದ ಲೆಕ್ಕ ಹಾಕಿ ತೆಗೆದ ಗುರುತನ್ನು) ಬೈಟ್‌ಗಳನ್ನು ಅಕ್ಷರಗಳಾಗಿ ಬರೆಯುವ ಮಾಮೂಲಿ ಬೇಸ್64ರಲ್ಲಿ ಬರೆದರೆ ಕೂಡಿಸುವ ಚಿಹ್ನೆ ವಿಳಾಸದಲ್ಲಿ ಖಾಲಿ ಜಾಗವಾಗಿಬಿಡುತ್ತದೆ. ಕೂಡಿಸುವ ಚಿಹ್ನೆ, ಓರೆಗೆರೆ, ಕೊನೆಯ ಸಮಚಿಹ್ನೆ ಯಾವುದೂ ಇಲ್ಲದ ವಿಳಾಸಸ್ನೇಹಿ ಬೇಸ್64 ಬೇಕು. ಐಡಿ ಟೋಕನ್ ‘ಇನ್ನೂ ಜಾರಿಗೆ ಬಂದಿಲ್ಲ’ ಎಂದು ಹೇಳಿದರೆ ಸರ್ವರ್‌ನ ಗಡಿಯಾರ ಹಿಂದಿದೆ. ಜಾಲದಿಂದ ಸರಿಯಾದ ಸಮಯ ತರುವ ಎನ್‌ಟಿಪಿಗೆ ಅದನ್ನು ಜೋಡಿಸಿ; ಪರಿಶೀಲನೆಯಲ್ಲಿ ಅರ್ಧ ಒಂದು ನಿಮಿಷದ ಸಡಿಲಿಕೆ ಇಡಿ, ಗಂಟೆಗಟ್ಟಲೆ ಬೇಡ. ಫೇಸ್‌ಬುಕ್‌ನಿಂದ ಬಂದ ವಿಳಾಸದ ಬಾಲದಲ್ಲಿ #_=_ ಎಂಬ ವಿಚಿತ್ರ ಗುರುತು ಕಂಡರೆ ಗಾಬರಿ ಬೇಡ, ಅದು ಅಲ್ಲಿಯದೇ ಸೇರ್ಪಡೆ; ಆದರೆ ವಿಳಾಸದಲ್ಲಿ # ನಂತರದ ಭಾಗ ನೋಡಿ ಪುಟ ಬದಲಿಸುವ ಕೋಡ್ ತಾಣದಲ್ಲಿದ್ದರೆ ಅದು ಗೊಂದಲಕ್ಕೆ ಬೀಳುತ್ತದೆ, ಮೊದಲೇ ಒರೆಸಿಬಿಡಿ.

ಮೊಬೈಲ್ ಆ್ಯಪ್‌ಗಳ ಕಥೆ ಬೇರೆ. ಆಂಡ್ರಾಯ್ಡ್‌ನಲ್ಲಿ ಗೂಗಲ್ ಲಾಗಿನ್ ‘10’ ಎಂಬ ಸಂಖ್ಯೆ ಕೊಟ್ಟು ಬಿದ್ದರೆ ಅದು ಡೆವಲಪರ್ ಎರರ್: ಪ್ಯಾಕೇಜ್ ಹೆಸರೋ, ಆ್ಯಪ್‌ಗೆ ಸಹಿ ಹಾಕುವ ಕೀಲಿಯನ್ನು ಗುರುತಿಸುವ ಶಾ-1 ಫಿಂಗರ್‌ಪ್ರಿಂಟೋ ಕನ್ಸೋಲ್‌ನಲ್ಲಿರುವುದಕ್ಕೆ ಹೊಂದುತ್ತಿಲ್ಲ. ಇಲ್ಲಿ ಕೀಲಿ ಒಂದಲ್ಲ, ಕನಿಷ್ಠ ಮೂರು. ಆಂಡ್ರಾಯ್ಡ್ ಸ್ಟುಡಿಯೋ ಪ್ರತಿ ಕಂಪ್ಯೂಟರ್‌ನಲ್ಲೂ ತನ್ನಷ್ಟಕ್ಕೆ ಹುಟ್ಟಿಸುವ ಡೀಬಗ್ ಕೀಲಿ, ಪ್ಲೇ ಸ್ಟೋರ್‌ಗೆ ಏರಿಸುವಾಗಿನ ಅಪ್‌ಲೋಡ್ ಕೀಲಿ, ಮತ್ತು ಜನರ ಫೋನಿಗೆ ತಲುಪುವ ಪ್ರತಿಗೆ ಗೂಗಲ್ ಹಾಕುವ ಆ್ಯಪ್ ಸೈನಿಂಗ್ ಕೀಲಿ. ‘ಕೈಯಲ್ಲಿ ಹಾಕಿದರೆ ಓಡುತ್ತದೆ, ಪ್ಲೇ ಸ್ಟೋರ್‌ನಿಂದ ಇಳಿಸಿದರೆ ಓಡುವುದಿಲ್ಲ’ ಎಂದರೆ ಮೂರನೆಯದನ್ನು ಸೇರಿಸಿಲ್ಲ. ಪ್ಲೇ ಕನ್ಸೋಲ್‌ನ ಆ್ಯಪ್ ಸೈನಿಂಗ್ ಪುಟದಲ್ಲಿ ಅದು ಸಿಗುತ್ತದೆ. ಇನ್ನೊಂದು ಎಡವಟ್ಟು: ಕೋಡ್‌ನಲ್ಲಿ ಆಂಡ್ರಾಯ್ಡ್ ಕ್ಲೈಂಟ್ ಐಡಿ ಹಾಕುವುದು. ಆಂಡ್ರಾಯ್ಡ್ ಕ್ಲೈಂಟ್ ಅದೇ ಪ್ರಾಜೆಕ್ಟ್‌ನಲ್ಲಿ ಇರಲೇಬೇಕು, ಆದರೆ ಕೋಡ್‌ಗೆ ಕೊಡಬೇಕಾದ್ದು ವೆಬ್ ಕ್ಲೈಂಟ್ ಐಡಿ. ಹೊಸ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಮೊದಲ ಬಾರಿ ಬರುವವರಿಗೆ ‘ಯಾವ ಖಾತೆಯೂ ಇಲ್ಲ’ ಎಂದು ಬಂದರೆ, ಹಿಂದೆ ಒಪ್ಪಿಗೆ ಕೊಟ್ಟ ಖಾತೆಗಳನ್ನಷ್ಟೇ ತೋರಿಸುವ ಸೋಸಣೆ ಹಾಕಿರುತ್ತಾರೆ. ಮೊದಲು ಸೋಸಿ ಕೇಳಿ, ಸಿಗದಿದ್ದರೆ ಸೋಸದೆ ಮತ್ತೆ ಕೇಳಬೇಕು.

ಫೇಸ್‌ಬುಕ್ ಕೇಳುವ ಕೀ ಹ್ಯಾಶ್ ಬೇರೇನೂ ಅಲ್ಲ, ಅದೇ ಶಾ-1 ಫಿಂಗರ್‌ಪ್ರಿಂಟಿನ ಬೇಸ್64 ರೂಪ. ಶಾ-1 ಅಂದರೆ 20 ಬೈಟ್. ಹದಿನಾರರ ಪದ್ಧತಿಯಲ್ಲಿ 40 ಅಂಕಿ, ಬೇಸ್64ರಲ್ಲಿ ಕೊನೆಯ ಸಮಚಿಹ್ನೆಯೂ ಸೇರಿ 28 ಅಕ್ಷರ. ಪ್ಲೇ ಕನ್ಸೋಲ್‌ನಿಂದ ನಕಲು ಮಾಡಿದ ಅಂಕಿಗಳನ್ನು ಮೊದಲು ಬೈಟ್‌ಗಳಾಗಿ ಬದಲಿಸಿ ಆಮೇಲೆ ಬೇಸ್64 ಮಾಡಬೇಕು. ಅಂಕಿಗಳ ಬರಹವನ್ನೇ ನೇರವಾಗಿ ಬದಲಿಸಿದವರಿಗೆ 56 ಅಕ್ಷರ ಬರುತ್ತದೆ, ನಡುವಿನ ವಿವರಣ ಚಿಹ್ನೆಗಳನ್ನೂ ಸೇರಿಸಿಕೊಂಡವರಿಗೆ 80. ಉದ್ದ ಎಣಿಸಿದರೇ ತಪ್ಪು ಗೊತ್ತಾಗುತ್ತದೆ. ಉದ್ದ 28 ಇದ್ದ ಮಾತ್ರಕ್ಕೆ ಸರಿಯೆಂದೂ ಅಲ್ಲ: ಕೀಲಿಯ ವಿವರ ತೆಗೆಯುವ ಕೀಟೂಲ್ ಆಜ್ಞೆಗೆ ತಪ್ಪು ಪಾಸ್‌ವರ್ಡ್ ಕೊಟ್ಟರೂ ಅದರ ದೋಷಸಂದೇಶದ ಹ್ಯಾಶನ್ನೇ ಮಾಡಿ 28 ಅಕ್ಷರ ಕೈಗಿಡುವುದುಂಟು.

ಬ್ರೌಸರ್‌ನಿಂದ ಆ್ಯಪ್‌ಗೆ ವಾಪಸು ಬರದೆ ನಿಲ್ಲುವುದು ಇನ್ನೊಂದು ದೂರು. ಆಂಡ್ರಾಯ್ಡ್ 11ರಿಂದ ಒಂದು ಆ್ಯಪ್‌ಗೆ ಇನ್ನೊಂದು ಕಾಣಬೇಕಾದರೆ ಮ್ಯಾನಿಫೆಸ್ಟ್ ಎಂಬ ಆ್ಯಪ್ ವಿವರದ ಕಡತದಲ್ಲಿ ‘ಕ್ವೆರೀಸ್’ ಬರೆದಿರಬೇಕು, ಇಲ್ಲದಿದ್ದರೆ ಫೋನಿನಲ್ಲಿರುವ ಬ್ರೌಸರ್ ಕೂಡ ಕಾಣದು. ಆ್ಯಪ್ ಲಿಂಕ್ಸ್ (ತಾಣದ ವಿಳಾಸದಿಂದ ನೇರ ಆ್ಯಪ್ ತೆರೆಯುವ ವ್ಯವಸ್ಥೆ) ಬಳಸುವವರು ಸರ್ವರ್‌ನಲ್ಲಿಡುವ ಅಸೆಟ್‌ಲಿಂಕ್ಸ್ ಕಡತದಲ್ಲಿ ಬೇಕಾದ್ದು ಶಾ-256, 64 ಅಂಕಿಯದು. ಅಲ್ಲಿ ಶಾ-1 ಹಾಕಿ ತಲೆ ಕೆಡಿಸಿಕೊಳ್ಳುವವರು ಬಹಳ. ಆ ಕಡತ ಎಚ್‌ಟಿಟಿಪಿಎಸ್‌ನಲ್ಲಿ, ನಡುವೆ ಯಾವ ರೀಡೈರೆಕ್ಟ್ ಇಲ್ಲದೆ ಸಿಗಬೇಕು. ಕಡಿಮೆ ರ‍್ಯಾಮ್‌ನ ಫೋನ್‌ಗಳಲ್ಲಿ ಮಾತ್ರ ಸೋಲುತ್ತಿದ್ದರೆ, ಬ್ರೌಸರ್ ಮುಂದಿರುವಾಗ ಹಿಂದಿನ ಆ್ಯಪನ್ನು ವ್ಯವಸ್ಥೆ ಮುಗಿಸಿಬಿಟ್ಟಿರುತ್ತದೆ, ನೆನಪಿನಲ್ಲಿದ್ದ ಸ್ಟೇಟ್ ಜೊತೆಗೇ ಹೋಗಿರುತ್ತದೆ. ಡೆವಲಪರ್ ಆಯ್ಕೆಗಳಲ್ಲಿ ‘ಡೋಂಟ್ ಕೀಪ್ ಆಕ್ಟಿವಿಟೀಸ್’ ಹಾಕಿದರೆ ಇದಕ್ಕೆ ಹತ್ತಿರದ ಸ್ಥಿತಿಯನ್ನು ಯಾವ ಫೋನಿನಲ್ಲೂ ಹುಟ್ಟಿಸಬಹುದು. ಸ್ಟೇಟ್ ಮತ್ತು ಪಿಕೆಸಿಇ ಗುಟ್ಟನ್ನು ಫೋನಿನ ಸಂಗ್ರಹದಲ್ಲಿ ಬರೆದಿಟ್ಟೇ ಬ್ರೌಸರ್ ತೆರೆಯಬೇಕು.

ಐಫೋನ್‌ನಲ್ಲಿ ಇನ್ಫೋ ಪಿಲಿಸ್ಟ್ ಕಡತದ ಯುಆರ್‌ಎಲ್ ಸ್ಕೀಮ್ (ಬ್ರೌಸರ್‌ನಿಂದ ಆ್ಯಪ್‌ಗೆ ವಾಪಸು ಬರುವ ವಿಳಾಸದ ಮೊದಲ ಭಾಗ) ಮೊದಲ ಶಂಕಿತ: ಗೂಗಲ್‌ಗೆ ಕ್ಲೈಂಟ್ ಐಡಿಯನ್ನು ತಿರುವಿ ಬರೆದದ್ದು, ಫೇಸ್‌ಬುಕ್‌ಗೆ ‘ಎಫ್‌ಬಿ’ ಎಂದು ಬರೆದು ಅದರ ನಂತರ ಆ್ಯಪ್ ಐಡಿ. ಅದು ಸರಿಯಿದ್ದೂ ಆ್ಯಪ್ ತೆರೆದು ಸುಮ್ಮನೆ ಕೂತರೆ, ಐಓಎಸ್ 13ರಲ್ಲಿ ಬಂದ ಸೀನ್ ಡೆಲಿಗೇಟ್ ಇದೆಯೇ ನೋಡಿ. ಇದ್ದರೆ ವಾಪಸು ಬಂದ ವಿಳಾಸ ಅಲ್ಲಿಗೆ ಬರುತ್ತದೆ, ಹಳೆಯ ಆ್ಯಪ್ ಡೆಲಿಗೇಟ್‌ನಲ್ಲಿ ಕಾದು ಕೂತರೆ ಬರುವುದಿಲ್ಲ. ಫೇಸ್‌ಬುಕ್‌ನಲ್ಲಿ ಲಾಗಿನ್ ಆಗಿಯೂ ಸರ್ವರ್‌ನಲ್ಲಿ ‘190’ ದೋಷ ಬಂದರೆ, ಟ್ರ್ಯಾಕಿಂಗ್ ಅನುಮತಿ ಸಿಗದೆ ‘ಲಿಮಿಟೆಡ್ ಲಾಗಿನ್’ ಆಗಿರಬಹುದು. ಆಗ ಸಿಗುವ ಟೋಕನ್ ಫೇಸ್‌ಬುಕ್‌ನಿಂದ ಮಾಹಿತಿ ಕೇಳುವ ಗ್ರಾಫ್ ಎಪಿಐಗೆ ನಡೆಯದು. ಅದನ್ನು ಐಡಿ ಟೋಕನ್‌ನಂತೆ ಸಹಿ ಪರಿಶೀಲಿಸಿಯೇ ಒಪ್ಪಬೇಕು.

ನಾಲ್ಕನೇ ಜಾಗ, ಖಾಲಿ ಖಾತೆ. ಬಳಕೆದಾರರಿಗೆ ಇದು ಡೇಟಾ ಕಳೆದಂತೆ ಕಾಣುತ್ತದೆ. ನಿಜದಲ್ಲಿ ಹೋದ ಸಲ ಗೂಗಲ್ ಒತ್ತಿ, ಈ ಸಲ ಆ್ಯಪಲ್ ಒತ್ತಿ, ‘ಇಮೇಲ್ ಅಡಗಿಸು’ ಆರಿಸಿರುತ್ತಾರೆ. ಆ್ಯಪಲ್ ಕೊಡುವ ಪರ್ಯಾಯ ಇಮೇಲ್ ಬೇರೆಯಾದ್ದರಿಂದ ತಾಣಕ್ಕೆ ಇವರು ಹೊಸಬರು. ತಾಣದವರು ಹೋದ ಸಲ ಯಾವುದರಿಂದ ಬಂದಿರಿ ಎಂದು ಆ ಬಟನ್ ಮೇಲೆ ಒಂದು ಗುರುತು ತೋರಿಸಿದರೆ ಅರ್ಧಕ್ಕರ್ಧ ದೂರು ನಿಲ್ಲುತ್ತದೆ. ಡೇಟಾಬೇಸ್‌ನಲ್ಲಿ ಗುರುತಾಗಿ ಇಡಬೇಕಾದ್ದು ಇಮೇಲ್ ಅಲ್ಲ, ಸೇವೆ ಕೊಡುವ ಬದಲಾಗದ ‘ಸಬ್’ ಎಂಬ ಗುರುತಿನ ಪದ. ಫೋನ್ ಸಂಖ್ಯೆಯಿಂದ ಫೇಸ್‌ಬುಕ್ ಸೇರಿದವರಿಗೆ ಇಮೇಲ್ ಇಲ್ಲದೆಯೂ ಇರಬಹುದು. ಒಂದೇ ಇಮೇಲ್ ಎಂದು ಎರಡು ಖಾತೆಗಳನ್ನು ಕೇಳದೆ ಕೂಡಿಸುವುದು ಅಪಾಯ. ಪರರ ಇಮೇಲ್ ಹಾಕಿ ಮೊದಲೇ ಖಾತೆ ತೆರೆದಿಟ್ಟವರು ಒಳಗೆ ಕೂತಿರಬಹುದು. ಹಳೆಯ ಖಾತೆಗೆ ಒಮ್ಮೆ ಲಾಗಿನ್ ಮಾಡಿಸಿಯೇ ಕೂಡಿಸಿ. ಆ್ಯಪಲ್ ಹೆಸರನ್ನು ಕೊಡುವುದು ಮೊದಲ ಸಲ ಮಾತ್ರ ಎಂಬುದೂ ನೆನಪಿರಲಿ. ಆ ಸಲ ಸರ್ವರ್ ಬಿದ್ದು ಹೆಸರು ಉಳಿಸಿಕೊಳ್ಳದಿದ್ದರೆ, ಬಳಕೆದಾರರು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಕೊಟ್ಟ ಒಪ್ಪಿಗೆ ತೆಗೆದು ಮತ್ತೆ ಬರುವವರೆಗೆ ಹೆಸರು ಸಿಗದು.

ದೂರು ಕೊಡುವವರು ಇಷ್ಟು ಬರೆದರೆ ಸಾಕು: ಯಾವ ಬಟನ್, ಯಾವ ಬ್ರೌಸರ್ ಅಥವಾ ಆ್ಯಪ್, ಅದರ ಆವೃತ್ತಿ, ನಿಂತಾಗಿನ ವಿಳಾಸದಲ್ಲಿ ತಾಣದ ಹೆಸರಿನ ಭಾಗ, ದೋಷದ ಸಂಖ್ಯೆ, ನಡೆದ ಸಮಯ. ಪೂರ್ತಿ ವಿಳಾಸ ನಕಲು ಮಾಡಿ ಎಲ್ಲರೂ ಓದುವ ಜಾಗದಲ್ಲಿ ಹಾಕಬೇಡಿ, ಅದರಲ್ಲಿ ಜೀವಂತ ಕೋಡ್ ಇರಬಹುದು. ಬ್ರೌಸರ್ ಕಳಿಸಿದ್ದು, ಪಡೆದದ್ದು ಎಲ್ಲವೂ ದಾಖಲಾಗುವ ಎಚ್‌ಎಆರ್ ಕಡತದಲ್ಲಂತೂ ಕುಕೀ, ಟೋಕನ್ ಎಲ್ಲ ಹಾಗೇ ಇರುತ್ತವೆ. ಅದನ್ನು ಕೇಳುವ ಬೆಂಬಲ ವಿಭಾಗದವರು ಅವನ್ನು ಒರೆಸಿ ಕಳಿಸಿ ಎಂದೂ ಹೇಳಬೇಕು. ತನಿಖೆ ಮಾಡುವವರು ಡೆವಲಪರ್ ಟೂಲ್ಸ್‌ನಲ್ಲಿ ‘ಪ್ರಿಸರ್ವ್ ಲಾಗ್’ ಗುರುತು ಹಾಕದೆ ಶುರು ಮಾಡಿದರೆ ಪುಟ ಬದಲಾದಂತೆ ಹಿಂದಿನ ಹೆಜ್ಜೆಗಳು ಅಳಿಸಿಹೋಗುತ್ತವೆ.

ಕೊನೆಯದಾಗಿ, ಯಾರೂ ಏನೂ ಮುಟ್ಟದೆ ಒಂದು ಬೆಳಿಗ್ಗೆ ಆ್ಯಪಲ್ ಲಾಗಿನ್ ಎಲ್ಲರಿಗೂ ಒಟ್ಟಿಗೇ ನಿಂತು ಸರ್ವರ್ ಲಾಗ್‌ನಲ್ಲಿ ‘ಇನ್‌ವ್ಯಾಲಿಡ್ ಕ್ಲೈಂಟ್’ ಕಂಡರೆ, ಕ್ಲೈಂಟ್ ಸೀಕ್ರೆಟ್‌ನ (ತಾಣವು ತಾನೇ ಎಂದು ಸೇವೆಗೆ ತೋರಿಸುವ ಗುಟ್ಟಿನ) ತಾರೀಖು ನೋಡಿ. ಆ್ಯಪಲ್‌ನಲ್ಲಿ ಅದು ಸ್ಥಿರ ಪದವಲ್ಲ, ಡೆವಲಪರ್ ಖಾತೆಯ ಕೀಲಿಯಿಂದ ಸಹಿ ಹಾಕಿ ತಯಾರಿಸುವ ಟೋಕನ್. ಅದರ ಗರಿಷ್ಠ ಆಯಸ್ಸು 6 ತಿಂಗಳು, ಸೆಕೆಂಡಿನಲ್ಲಿ 1,57,77,000. ಕೈಯಲ್ಲಿ ಮಾಡಿ ಅಂಟಿಸಿದವರು ಐದನೇ ತಿಂಗಳಿಗೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಲಿ. ಸರ್ವರ್‌ಗೇ ಆ ಕೆಲಸ ಒಪ್ಪಿಸಿ ದಿನಕ್ಕೊಂದು ಹೊಸದು ಮಾಡಿಸಿದರೆ ಅದೂ ಬೇಕಾಗಿಲ್ಲ.

ಇಂತಿ ತಮ್ಮ ವಿಶ್ವಾಸಿಗಳು,
ವೆಬ್ ಮತ್ತು ಮೊಬೈಲ್ ತಂತ್ರಾಂಶ ಕೆಲಸದ ಕೆಲವು ಓದುಗರು